ವೆಸ್ಟ್ ಹೈಲ್ಯಾಂಡ್ ವೇ: 154 ಕಿ.ಮೀ. ಮತ್ತು ಎರಡು ಪಾದ

ಸ್ಕಾಟ್ಲೆಂಡಿನ ಫೋರ್ಟ್ ವಿಲಿಯಂ ಪೇಟೆಯ ಗಾರ್ಡನ್ ಸ್ಕ್ವೇರ್‌ನಲ್ಲಿ ಒಂದು ಕಂಚಿನ ಪ್ರತಿಮೆ ಇದೆ. ರಾಜನದಲ್ಲ, ಸೇನಾಪತಿಯದೂ ಅಲ್ಲ. ಬೆಂಚಿನ ಮೇಲೆ ಕೂತು ನೋಯುವ ಪಾದ ತಿಕ್ಕಿಕೊಳ್ಳುತ್ತಿರುವ ಒಬ್ಬ ನಡಿಗೆಗಾರನದು. 1980ರಲ್ಲಿ ತೆರೆದ ವೆಸ್ಟ್ ಹೈಲ್ಯಾಂಡ್ ವೇ ಎಂಬ ಕಾಲ್ನಡಿಗೆಯ ದಾರಿ ಮುಗಿಯುವುದು ಅವನ ಪಕ್ಕದಲ್ಲೇ. ಆ ಪ್ರತಿಮೆ ಇಟ್ಟವರಿಗೆ ದಾರಿ ಚೆನ್ನಾಗಿ ಗೊತ್ತಿತ್ತು.

ಇಡೀ ದಾರಿಯ ಅತಿ ಎತ್ತರದ ಜಾಗ ಸುಮಾರು 550 ಮೀಟರ್. ಮಡಿಕೇರಿ ಪೇಟೆಯ ಎತ್ತರದ ಅರ್ಧವೂ ಇಲ್ಲ. ಕುಮಾರ ಪರ್ವತ ಹತ್ತಿ ಇಳಿದವರು ‘ಇದೇನು ಮಹಾ’ ಅಂದುಕೊಳ್ಳುವುದು ಸಹಜ. ಆದರೆ ಅಲ್ಲಿ ಕಷ್ಟ ಎರಡು ದಿನದ್ದು, ಮನೆಗೆ ಬಂದು ಬಿಸಿನೀರಿನಲ್ಲಿ ಕಾಲು ಇಟ್ಟರೆ ಮುಗಿಯಿತು. ಇಲ್ಲಿ ನಿನ್ನೆಯ ಒದ್ದೆ ಶೂಗೇ ಇವತ್ತೂ ಕಾಲು ತೂರಿಸಬೇಕು, ನಾಳೆಯೂ.

ಶುರುವಾಗುವುದು ಗ್ಲಾಸ್ಗೋ ಹೊರವಲಯದ ಮಲ್‌ಗೈಯಲ್ಲಿ. ಇಂಗ್ಲಿಷ್ ಅಕ್ಷರ ನೋಡಿ ‘ಮಿಲ್ನ್‌ಗೇವಿ’ ಎಂದು ಟಿಕೆಟ್ ಕೇಳಿದರೆ ನಕ್ಕಾರು. ದಕ್ಷಿಣದಿಂದ ಉತ್ತರಕ್ಕೇ ನಡೆಯಿರಿ: ಸುಲಭದ ನೆಲ ಮೊದಲು ಸಿಗುತ್ತದೆ, ಗಾಳಿಮಳೆಯೂ ಹೆಚ್ಚಾಗಿ ಬೆನ್ನ ಕಡೆಯಿಂದ ಬರುತ್ತದೆ. ಎಂಟು ದಿನದ ಲೆಕ್ಕ ಹೀಗೆ: ಡ್ರಿಮೆನ್ 19 ಕಿ.ಮೀ., ರೋವರ್ಡೆನನ್ 24, ಇನ್ವರಾರ್ನನ್ 22, ಟೈಂಡ್ರಮ್ 20, ಇನ್ವರೋರನ್ 15, ಕಿಂಗ್ಸ್‌ಹೌಸ್ 16, ಕಿನ್‌ಲಾಖ್‌ಲೆವೆನ್ 14, ಕೊನೆಗೆ ಫೋರ್ಟ್ ವಿಲಿಯಂ 24. ರಜೆ ಉಳಿಸಲು ಐದನೇ ಮತ್ತು ಆರನೇ ದಿನ ಸೇರಿಸಿ ಒಂದೇ ದಿನ 31 ಕಿ.ಮೀ. ಮಾಡುವವರಿದ್ದಾರೆ. ನನ್ನ ಮಟ್ಟಿಗೆ ಅದು ತಪ್ಪು ಲೆಕ್ಕ, ಯಾಕೆಂದು ಮುಂದೆ ಹೇಳುತ್ತೇನೆ.

ಮೊದಲು ಬೊಬ್ಬೆಯ ವಿಷಯ. ಒದ್ದೆಯಲ್ಲಿ ಚರ್ಮ ಮೆತ್ತಗಾಗುತ್ತದೆ. ಪ್ರತಿ ಹೆಜ್ಜೆಗೂ ಒಳಗಿನ ಮೂಳೆ ಮುಂದೆ ಸರಿಯುತ್ತದೆ, ಮೇಲಿನ ಚರ್ಮ ಕಾಲುಚೀಲಕ್ಕೆ ಅಂಟಿ ಹಿಂದೆಯೇ ಉಳಿಯುತ್ತದೆ. ಈ ಎಳೆದಾಟದಲ್ಲಿ ಪದರ ಬಿಟ್ಟು ನೀರು ತುಂಬಿಕೊಳ್ಳುತ್ತದೆ. ಅದಕ್ಕೆ ಮುಂಚೆ ಆ ಜಾಗ ಬಿಸಿಯಾಗಿ ಚುರುಗುಟ್ಟುತ್ತದೆ. ನಿಲ್ಲಬೇಕಾದ್ದು ಆಗಲೇ, ‘ಮುಂದಿನ ಊರಲ್ಲಿ ನೋಡೋಣ’ ಅಂದರೆ ಕೆಟ್ಟಿತು. ಶೂ ಬಿಚ್ಚಿ, ಪಾದ ಪೂರ್ತಿ ಒಣಗಿಸಿ, ಝಿಂಕ್ ಆಕ್ಸೈಡ್ ಟೇಪನ್ನು ಸುಕ್ಕಿಲ್ಲದಂತೆ ಅಂಟಿಸಿ, ಅದರ ಮೂಲೆಗಳನ್ನು ಕತ್ತರಿಯಲ್ಲಿ ದುಂಡಗೆ ಮಾಡಿ. ಚೂಪು ಮೂಲೆ ಕಾಲುಚೀಲಕ್ಕೆ ಸಿಕ್ಕಿ ಅರ್ಧ ಗಂಟೆಯಲ್ಲಿ ಸುರುಳಿಯಾಗಿ, ಆ ಸುರುಳಿಯೇ ಇನ್ನೊಂದು ಬೊಬ್ಬೆ ಎಬ್ಬಿಸುತ್ತದೆ.

ಉಣ್ಣೆಯ ಕಾಲುಚೀಲ ಮೂರು ಜೊತೆ ಸಾಕು: ಎರಡು ನಡೆಯಲು, ಒಂದು ಮಲಗಲು ಮಾತ್ರ. ಆ ಮೂರನೆಯದು ಬೆಳಿಗ್ಗೆ ಎಷ್ಟೇ ಆಸೆ ಹುಟ್ಟಿಸಿದರೂ ಶೂ ಒಳಗೆ ಹೋಗಕೂಡದು. ದಿನವಿಡೀ ನಡೆದರೆ ಪಾದ ಊದುತ್ತದೆ, ಹಾಗಾಗಿ ಶೂ ಅರ್ಧ ಸೈಜು ದೊಡ್ಡದಿರಲಿ. ಉಗುರನ್ನು ಹೊರಡುವ ನಾಲ್ಕೈದು ದಿನ ಮುಂಚೆಯೇ ಕತ್ತರಿಸಿ. ವಾಟರ್‌ಪ್ರೂಫ್ ಶೂವನ್ನು ಪೂರ್ತಿ ನಂಬಬೇಡಿ: ಪ್ಯಾಂಟಿನಿಂದ ಇಳಿದ ನೀರು ಮೇಲಿಂದ ಒಳಗೆ ಹೋದರೆ ಹೊರಗೆ ಬರಲು ದಾರಿಯಿಲ್ಲ. ರಾತ್ರಿ ಒಳಗಿನ ಅಟ್ಟೆ ತೆಗೆದು ಹಳೇ ಪೇಪರ್ ತುರುಕಿ, ಮಲಗುವ ಮುಂಚೆ ಒಮ್ಮೆ ಬದಲಿಸಿ. ಹೀಟರ್ ಮೇಲಿಟ್ಟರೆ ಅಂಟು ಬಿಡುತ್ತದೆ. ಜೀನ್ಸ್ ಮನೆಯಲ್ಲೇ ಇರಲಿ, ನೆಂದ ಹತ್ತಿಬಟ್ಟೆ ಮೈಯ ಶಾಖ ಹೀರುತ್ತದೆ.

ಮೂರನೇ ದಿನ ಲೋಮಂಡ್ ಸರೋವರದ ಪೂರ್ವದಂಡೆ. ನಕ್ಷೆಯಲ್ಲಿ ಚಪ್ಪಟೆ, ಕಾಲಿಗೆ ಅಲ್ಲ. ಇನ್ವರ್ಸ್‌ನೇಡ್ ದಾಟಿದ ಮೇಲೆ ಬಂಡೆ, ಬೇರು, ಅಲ್ಲಲ್ಲಿ ಕೈಯೂರಿ ಇಳಿಯುವ ಜಾಗ. ಗಂಟೆಗೆ 2 ಕಿ.ಮೀ. ಸಾಗಿದರೆ ಕಡಿಮೆಯೇನಲ್ಲ, ಹಾಗಾಗಿ 22 ಕಿ.ಮೀ.ಗೆ ಎಂಟೊಂಬತ್ತು ಗಂಟೆ ಇಟ್ಟುಕೊಳ್ಳಿ. ಒದ್ದೆ ಬೇರಿನ ಮೇಲೆ ಕಾಲಿಡಬೇಡಿ, ದಾಟಿ ಇಡಿ. ಊರುಗೋಲು ಮಡಚಿ ಬ್ಯಾಗಿಗೆ ಸಿಕ್ಕಿಸಿ, ಇಲ್ಲಿ ಬೇಕಾಗುವುದು ಖಾಲಿ ಕೈ. ಟೆಂಟ್ ಹಾಕುವವರಿಗೊಂದು ಮಾತು: ಸ್ಕಾಟ್ಲೆಂಡಿನಲ್ಲಿ ಬಯಲಲ್ಲಿ ತಂಗುವ ಹಕ್ಕನ್ನು 2003ರ ಕಾನೂನೇ ಕೊಟ್ಟಿದೆ. ಆದರೆ ಈ ದಂಡೆಯ ಕೆಲವು ಭಾಗಗಳಲ್ಲಿ ಮಾರ್ಚ್ 1ರಿಂದ ಸೆಪ್ಟೆಂಬರ್ 30ರವರೆಗೆ ಮುಂಗಡ ಪರವಾನಗಿ ಬೇಕು.

ಟೈಂಡ್ರಮ್‌ನಲ್ಲಿ ಸಾಮಾನು ತುಂಬಿಕೊಳ್ಳಿ. ಅಲ್ಲಿಂದ ಕಿನ್‌ಲಾಖ್‌ಲೆವೆನ್‌ವರೆಗಿನ 45 ಕಿ.ಮೀ.ಯಲ್ಲಿ ಹೋಟೆಲು ಸಿಗುತ್ತವೆ, ಸರಿಯಾದ ಅಂಗಡಿ ಇಲ್ಲ. ಸಸ್ಯಾಹಾರಿಗಳಿಗೆ ತೆಳು ಅವಲಕ್ಕಿ, ಚಟ್ನಿಪುಡಿ ಈ ದಾರಿಗೆಂದೇ ಹುಟ್ಟಿದ ಹಾಗಿದೆ: ಹಗುರ, ಬಿಸಿನೀರು ಸುರಿದರೆ ಎರಡು ನಿಮಿಷ. ಗ್ಯಾಸ್ ಡಬ್ಬಿಯನ್ನು ವಿಮಾನದಲ್ಲಿ ತರುವಂತಿಲ್ಲ, ಗ್ಲಾಸ್ಗೋದಲ್ಲೇ ಕೊಳ್ಳಬೇಕು.

ಆಮೇಲೆ ರ್‍ಯಾನಖ್ ಮೂರ್. ಮೂರ್ ಅಂದರೆ ಮರವಿಲ್ಲದ ಜೌಗು ಬಯಲು. ಚಳಿಗೂ ಹುಳಿನೀರಿಗೂ ಪಾಚಿ ಪೂರ್ತಿ ಕೊಳೆಯದೆ ಸಾವಿರಾರು ವರ್ಷ ಪದರ ಪದರವಾಗಿ ಕೂತು ಪೀಟ್ ಆಗಿದೆ. ದಾರಿ ಬಿಟ್ಟರೆ ಕಾಲು ಹೂತುಕೊಳ್ಳುತ್ತದೆ. ಹೆದರಿಕೆ ಅದರದ್ದೇ, ಆದರೆ ಪೆಟ್ಟು ಬೀಳುವುದು ಬೇರೆ ಕಡೆ: ದಾರಿ ಇರುವುದು ಜೌಗಿನ ಮೇಲಲ್ಲ, ಎಂಜಿನಿಯರ್ ಥಾಮಸ್ ಟೆಲ್‌ಫರ್ಡ್ ಹಾಕಿಸಿದ ಹಳೇ ಕಲ್ಲುರಸ್ತೆಯ ಮೇಲೆ. ಗಟ್ಟಿ, ಉಬ್ಬುತಗ್ಗಿನ ಕಲ್ಲು, ಗಂಟೆಗಟ್ಟಲೆ. ಆ ಹೊತ್ತಿಗೆ ಸೋತ ಅಂಗಾಲಿಗೆ ಒಂದೊಂದು ಕಲ್ಲೂ ಲೆಕ್ಕ ಸಿಗುತ್ತದೆ. 31 ಕಿ.ಮೀ. ಬೇಡ ಅಂದದ್ದು ಇದಕ್ಕೇ. ಇನ್ವರೋರನ್ ಬಿಟ್ಟರೆ ಕಿಂಗ್ಸ್‌ಹೌಸ್ ಹತ್ತಿರ ಬರುವವರೆಗೆ ತಲೆಮರೆಸಲು ಸೂರಿಲ್ಲ, ನಡುವೆ ‘ಬಾ’ ಎಂಬ ಸೇತುವೆ ಒಂದೇ ಗುರುತು. ಮಳೆ ಪ್ಯಾಂಟನ್ನು ಇನ್ವರೋರನ್ ಹತ್ತಿರದ ವಿಕ್ಟೋರಿಯಾ ಸೇತುವೆಯ ಬಳಿಯೇ ಹಾಕಿಕೊಳ್ಳಿ. ಬಯಲ ಗಾಳಿಯಲ್ಲಿ ಒಂಟಿಕಾಲಲ್ಲಿ ನಿಂತು ಹಾಕುವುದು ಸರ್ಕಸ್ಸು.

ಕಿಂಗ್ಸ್‌ಹೌಸ್ ದಾಟಿದ ಮೇಲೆ ಸಿಗುವ ಡೆವಿಲ್ಸ್ ಸ್ಟೇರ್‌ಕೇಸ್‌ಗೆ, ಅಂದರೆ ಸೈತಾನನ ಮೆಟ್ಟಿಲಿಗೆ, ಹೆಸರಷ್ಟು ಕೋಪವಿಲ್ಲ. ಸುಮಾರು 250 ಮೀಟರ್ ಏರು, ಅಂಕುಡೊಂಕು, ಒಂದು ಗಂಟೆ. ಮಂಡಿ ಕೇಳುವುದು ಆಚೆ ಬದಿಯ ಇಳಿಜಾರು: 550 ಮೀಟರಿನಿಂದ ಸಮುದ್ರಮಟ್ಟಕ್ಕೆ. ತುದಿಯಲ್ಲೇ ಲೇಸು ಬಿಚ್ಚಿ, ಹಿಮ್ಮಡಿಯನ್ನು ಹಿಂದಕ್ಕೆ ಕುಟ್ಟಿ ಕೂರಿಸಿ, ಕಣಕಾಲಿನ ಹತ್ತಿರ ಬಿಗಿಯಾಗಿ ಕಟ್ಟಿ. ಇಲ್ಲದಿದ್ದರೆ ಬೆರಳು ಮುಂದಕ್ಕೆ ಗುದ್ದಿ ಉಗುರು ಕಪ್ಪಾಗುತ್ತದೆ.

ಕಚ್ಚುವವರು ಇಬ್ಬರು. ಮಿಜ್ ಎಂಬ ನುಸಿ ಮೇ ಕೊನೆಯಿಂದ ಸೆಪ್ಟೆಂಬರ್‌ವರೆಗೆ, ಗಾಳಿ ನಿಂತ ಬೆಳಗು ಸಂಜೆ, ಮೋಡವಾಗಿ ಬರುತ್ತದೆ. ಗಂಟೆಗೆ ಹತ್ತು ಹನ್ನೊಂದು ಕಿ.ಮೀ. ಗಾಳಿ ಇದ್ದರೆ ಹಾರಲಾರದು, ಹಾಗಾಗಿ ಟೆಂಟನ್ನು ಗಾಳಿಯಾಡುವ ದಿಬ್ಬದ ಮೇಲೆ ಹಾಕಿ. ನಮ್ಮ ಸೊಳ್ಳೆಪರದೆಯ ಕಣ್ಣಲ್ಲಿ ಅದು ಆರಾಮಾಗಿ ನುಸುಳುತ್ತದೆ, ಸಣ್ಣ ಕಣ್ಣಿನ ಮುಖಪರದೆಯೇ ಬೇಕು. ಇನ್ನೊಬ್ಬರು ಉಣುಗು. ಮಲೆನಾಡಿನವರಿಗೆ ಮಂಗನ ಕಾಯಿಲೆಯಿಂದ ಇದರ ಭಯ ಗೊತ್ತು. ಅಲ್ಲಿ ಅದು ತರುವುದು ಲೈಮ್ ರೋಗ. ದಿನಾ ಸಂಜೆ ಮಂಡಿಯ ಹಿಂದೆ, ತೊಡೆಸಂದು, ಸೊಂಟ ನೋಡಿಕೊಳ್ಳಿ. ಕಚ್ಚಿದ್ದರೆ ಸಣ್ಣ ಚಿಮಟದಲ್ಲಿ ಚರ್ಮಕ್ಕೆ ತಾಗುವಂತೆ ಹಿಡಿದು ನೇರ ಎಳೆಯಿರಿ. ಎಣ್ಣೆ, ಬೆಂಕಿಕಡ್ಡಿ ಬೇಡ. ವಾರಗಳ ನಂತರ ಅಲ್ಲಿ ಉಂಗುರದಂತೆ ಹರಡುವ ಕೆಂಪು ಕಂಡರೆ ವೈದ್ಯರಿಗೆ ತೋರಿಸಿ.

ಇವೆರಡನ್ನೂ ಮಳೆಯನ್ನೂ ತೂಗಿ ನೋಡಿದರೆ ಮೇ ಮೊದಲ ಮೂರು ವಾರ ಒಳ್ಳೆಯದು. ಹಾಸಿಗೆ ಮಾತ್ರ ತಿಂಗಳುಗಟ್ಟಲೆ ಮುಂಚೆ ಕಾದಿರಿಸಬೇಕು, ಕಿಂಗ್ಸ್‌ಹೌಸ್ ಸುತ್ತ ಇರುವುದೇ ಬೆರಳೆಣಿಕೆ.

ವಾಪಸು ಗ್ಲಾಸ್ಗೋಗೆ ರೈಲು ಹಿಡಿಯಿರಿ. ಸುಮಾರು ನಾಲ್ಕು ಗಂಟೆ, ಅದೇ ರ್‍ಯಾನಖ್ ಜೌಗಿನ ಇನ್ನೊಂದು ಅಂಚಿನಲ್ಲಿ ಹೋಗುತ್ತದೆ. 1894ರಲ್ಲಿ ತೆರೆದ ಈ ಹಳಿಗೆ ಅಲ್ಲಿ ಗಟ್ಟಿ ನೆಲ ಸಿಗಲಿಲ್ಲ. ಮರದ ಬೇರು, ಪೊದೆಕಡ್ಡಿಯ ಹಾಸು, ಅದರ ಮೇಲೆ ಸಾವಿರಾರು ಟನ್ ಮಣ್ಣು, ಬೂದಿ ಸುರಿದು ಜೌಗಿನ ಮೇಲೆ ತೇಲಿಸಿದ್ದಾರೆ. ಶೂ ಬಿಚ್ಚಿಟ್ಟು, ಆ ಮೂರನೇ ಜೊತೆ ಕಾಲುಚೀಲ ಹಾಕಿಕೊಂಡು ಕಿಟಕಿ ಪಕ್ಕ ಕೂರಿ.