ಮಾವ ಬಿಟ್ಟುಹೋದ ನಂಬರು

ಮಾವ ತೀರಿಕೊಂಡು ಈ ಶ್ರಾವಣಕ್ಕೆ ಒಂದು ವರ್ಷ. ಮುಂಬಯಿಯ ಭಾಂಡುಪ್‌ನ ಗುಡ್ಡದ ಮೇಲಿನ ಅವರ ಚಾಳಿನ (ವಠಾರದ) ಖೋಲಿಯಲ್ಲಿದ್ದ ಲ್ಯಾಂಡ್‌ಲೈನ್ ಈಗ ನನ್ನ ಮನೆಯಲ್ಲಿದೆ. ಕೊಡುವಾಗ ಅತ್ತೆ ಹೇಳಿದ್ದು ಇಷ್ಟೇ, "ಕಟ್ ಮಾಡಿಸಬೇಡ ಮಗಾ, ಊರಿನವರಿಗೆ ಈ ನಂಬರು ಬಾಯಿಪಾಠ."

ಮಾವ ಮುಂಬಯಿಯ ಫೋರ್ಟ್ ಪ್ರದೇಶದ ಒಂದು ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂರುತ್ತಿದ್ದರು. ಮೊದಲು ಅಲ್ಲೇ ಗ್ಲಾಸು ತೊಳೆದವರು. ಹಗಲು ಕೆಲಸ, ಸಂಜೆ ಕನ್ನಡ ರಾತ್ರಿ ಶಾಲೆ, ಹೋಟೆಲಿನ ಬಾಗಿಲು ಹಾಕಿದ ಮೇಲೆ ಎರಡು ಟೇಬಲ್ ಜೋಡಿಸಿ ಅದರ ಮೇಲೇ ನಿದ್ದೆ. ಉಡುಪಿ, ಕುಂದಾಪುರ ಕಡೆಯ ಎಷ್ಟೋ ಹುಡುಗರು ಮುಂಬಯಿಯಲ್ಲಿ ಹಾಗೇ ಓದಿದವರು. ಅದಕ್ಕೇ ಇರಬೇಕು, ಊರಿನಿಂದ ಯಾವ ಹುಡುಗ ಬಂದರೂ ಮಾವ ಮೊದಲು ಕೇಳುತ್ತಿದ್ದದ್ದು, "ರಾತ್ರಿ ಎಲ್ಲಿ ಮಲಗ್ತಿ?" ಉತ್ತರ ತಡವಾದರೆ ಅವನ ಟ್ರಂಕು ಆವತ್ತೇ ಭಾಂಡುಪ್‌ಗೆ ಬರುತ್ತಿತ್ತು. ಒಂದೇ ಖೋಲಿ. ಒಮ್ಮೊಮ್ಮೆ ಏಳು ಜನ. ಅಷ್ಟೂ ಜನಕ್ಕೆ ಗಂಜಿ, ಚಟ್ನಿ ಮಾಡಿದವರು ಅತ್ತೆ. ಊರಲ್ಲಿ ಎಲ್ಲರೂ ಮಾವನನ್ನೇ ಹೊಗಳುತ್ತಾರೆ, ಅದು ನನಗೆ ಸರಿ ಕಾಣುವುದಿಲ್ಲ.

ಫೋನಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾದಿದ್ದರಂತೆ. ಬಂದ ಮೇಲೆ ಅದು ಇಡೀ ಚಾಳಿನದ್ದಾಯಿತು. ದೂರದೂರಿನ ಕರೆಯ ಎಸ್‌ಟಿಡಿ ದರ ಕಡಿಮೆಯಾಗಲೆಂದು ರಾತ್ರಿ ಹನ್ನೊಂದರವರೆಗೆ ಹುಡುಗರು ಮೆಟ್ಟಿಲ ಮೇಲೆ ಕಾಯುತ್ತಿದ್ದರು. ಮುಂಬಯಿಯ ನಂಬರುಗಳಿಗೆಲ್ಲ ಮುಂದೆ ಒಂದು 2 ಸೇರಿದಾಗ ಮಾವ ಕಟ್ಟುಗಟ್ಟಲೆ ಪೋಸ್ಟ್ ಕಾರ್ಡ್ ತಂದು ಗೊತ್ತಿದ್ದ ಮನೆಗಳಿಗೆಲ್ಲ ಬರೆದರು. ವಿಳಾಸ ಬರೆದುಕೊಟ್ಟವನು ನಾನು. ಕೈ ನೋವು ಬಂದಿತ್ತು.

2005ರ ಜುಲೈ 26 ಮರೆಯುವ ಹಾಗಿಲ್ಲ. ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ. ಮೊಬೈಲು ಹತ್ತುತ್ತಿರಲಿಲ್ಲ. ನಾನು ಸಯನ್‌ನಿಂದ ನೀರಲ್ಲೇ ನಡೆದು ಮಧ್ಯರಾತ್ರಿ ಮುಟ್ಟಿದಾಗ ಮಾವ ಫೋನಿನ ಪಕ್ಕ ಕೂತಿದ್ದರು, ನಮ್ಮ ಚಾಳಿನ ಲೈನು ಅದು ಹೇಗೋ ಜೀವ ಹಿಡಿದಿತ್ತು, ಮನೆ ಸೇರಿದ ಒಬ್ಬೊಬ್ಬರ ಹೆಸರನ್ನೂ ಕ್ಯಾಲೆಂಡರಿನ ಹಿಂದೆ ಬರೆದು, ಊರಿನ ಒಂದು ಮನೆಗೆ ಫೋನ್ ಮಾಡಿ "ಆಚೆಮನೆಗೂ ಹೇಳಿ, ಅವರ ಮಗ ಬಂದ" ಎನ್ನುತ್ತಿದ್ದರು. ಬೆಳಗಾಗುವವರೆಗೂ ಅದೇ. ಕೊನೆಯ ಹುಡುಗ ಬರುವವರೆಗೆ ಊಟಕ್ಕೇ ಏಳಲಿಲ್ಲ.

ನಮ್ಮ ಕಡೆ ಹಿಂದೆ ಅಳಿಯಕಟ್ಟು ಇತ್ತಲ್ವಾ, ಮನೆಯ ಯಜಮಾನಿಕೆ ಸೋದರಮಾವನಿಂದ ಸೋದರಳಿಯನಿಗೆ ಬರುತ್ತಿತ್ತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ಅದು ಸಡಿಲವಾಯಿತು. ಖೋಲಿ ಅತ್ತೆಯದ್ದು, ಹಾಗೇ ಇರಬೇಕು. ನನಗೆ ಬಂದದ್ದು ಈ ನಂಬರು.

ಮೊದಮೊದಲು ರಿಂಗಾದರೆ ಎತ್ತಲು ಭಯವಾಗುತ್ತಿತ್ತು. ಮಾವ ಇಲ್ಲ ಎಂದು ಮತ್ತೆ ಮತ್ತೆ ಹೇಳಬೇಕಲ್ಲ. ಹೋದ ವಾರ ಬೈಂದೂರಿನಿಂದ ಒಬ್ಬ ಅಮ್ಮ ಮಾಡಿದ್ದರು. ಮಾವನ ಸುದ್ದಿ ಹೇಳಿದೆ. ತುಂಬ ಹೊತ್ತು ಮಾತೇ ಇಲ್ಲ. ಆಮೇಲೆ, "ನೀವು ಯಾರು?"

"ಅವರ ಅಳಿಯ."

"ಹಾಗಾದ್ರೆ ನಿಮ್ಮ ಹತ್ರವೇ ಹೇಳ್ತೆ. ನನ್ನ ಮಗ ಕೆಲಸಕ್ಕೆ ಮುಂಬಯಿಗೆ ಬರ್ತಿದ್ದ, ಅಲ್ಲಿ ಅವನಿಗೆ ಯಾರೂ ಇಲ್ಲ."

ಭಾನುವಾರ ಮತ್ಸ್ಯಗಂಧ ರೈಲಿನಲ್ಲಿ ಬರುತ್ತಾನೆ. ಠಾಣೆಯಲ್ಲಿ ಇಳಿಯಲು ಹೇಳಿದ್ದೇನೆ. ಅತ್ತೆ ಮಾವನ ಹಾಸಿಗೆ ಬಿಸಿಲಿಗೆ ಹಾಕಿದ್ದಾರೆ.