ಪರಾಗ ಅಂದ್ರೆ ವೀರ್ಯಾಣು ಅಲ್ಲ

ಹೂವಿನ ಪರಾಗ ಅಂದ್ರೆ ಗಿಡದ ವೀರ್ಯಾಣು ಅಂತ ತುಂಬಾ ಜನ ಹೇಳ್ತಾರೆ, ಪಾಠ ಮಾಡೋರೂ ಎಷ್ಟೋ ಸಲ ಹಂಗೇ ಹೇಳಿ ಮುಂದಕ್ಕೆ ಹೋಗಿಬಿಡ್ತಾರೆ. ನಂಗೆ ಇದು ಬೇಜಾರು, ಯಾಕಂದ್ರೆ ಗಿಡಕ್ಕೂ ಪ್ರಾಣಿಗೂ ಇರೋ ಅಸಲಿ ವ್ಯತ್ಯಾಸ ಅಲ್ಲೇ ಮುಚ್ಚಿಹೋಗತ್ತೆ.

ಮನುಷ್ಯರದ್ದೇ ತಗೊಳಿ. ವೃಷಣದೊಳಗೆ ಸುರುಳಿ ಸುತ್ಕೊಂಡಿರೋ ಸಣ್ಣ ಸಣ್ಣ ನಾಳಗಳಿವೆ, ಅವುಗಳ ಗೋಡೆ ಪಕ್ಕದಲ್ಲಿರೋ ಮೂಲಕೋಶಗಳು ಮೈಟಾಸಿಸ್ (ಕ್ರೋಮೋಸೋಮ್, ಅಂದ್ರೆ ವರ್ಣತಂತುಗಳ ಸಂಖ್ಯೆ ಹಂಗೇ ಉಳಿಯೋ ಕೋಶ ವಿಭಜನೆ) ಆಗ್ತಾ ಹೆಚ್ಚಾಗ್ತಾನೇ ಇರ್ತವೆ, ಅದ್ರಲ್ಲಿ ಕೆಲವು ಆ ಸಂಖ್ಯೆ ಅರ್ಧ ಮಾಡೋ ವಿಭಜನೆಗೆ, ಅಂದ್ರೆ ಮಿಯಾಸಿಸ್‌ಗೆ ಇಳಿದು, 46 ಕ್ರೋಮೋಸೋಮ್ ಇದ್ದ ಒಂದು ಕೋಶದಿಂದ ತಲಾ 23 ಇರೋ ನಾಲ್ಕು ಕೋಶ ಆಗ್ತವೆ. ಅಲ್ಲಿಗೆ ವಿಭಜನೆ ಮುಗೀತು. ಆ ದುಂಡನೆ ಕೋಶಗಳೇ ಬಾಲ ಬೆಳೆಸ್ಕೊಂಡು, ಒಳಗಿರೋ ಬೇಡದ ಸೈಟೋಪ್ಲಾಸಂ (ಕೋಶದೊಳಗಿನ ಲೋಳೆ) ಕಳಚ್ಕೊಂಡು ವೀರ್ಯಾಣು ಆಗ್ತವೆ. ಇದಕ್ಕೆಲ್ಲ ಎರಡರಿಂದ ಎರಡೂವರೆ ತಿಂಗಳು ಬೇಕು.

ಈಗ ಹೂವಿಗೆ ಬನ್ನಿ. ಎಳೇ ಮೊಗ್ಗಿನ ಕೇಸರದ ತುದೀಲಿರೋ ಪರಾಗಕೋಶನ (ಪರಾಗ ತಯಾರಾಗೋ ಚೀಲ) ಅಡ್ಡಕ್ಕೆ ಕತ್ತರಿಸಿ ಮೈಕ್ರೋಸ್ಕೋಪಲ್ಲಿ ನೋಡಿದ್ರೆ ಹೆಚ್ಚಿನ ಗಿಡಗಳಲ್ಲಿ ನಾಲ್ಕು ಗೂಡು ಕಾಣ್ತವೆ. ಇಲ್ಲೂ ಮಿಯಾಸಿಸ್ ಆಗತ್ತೆ, ಇಲ್ಲೂ ನಾಲ್ಕು ಕೋಶ ಹುಟ್ತವೆ, ಆದ್ರೆ ಒಂದೊಂದರ ಸುತ್ತಲೂ ಕ್ಯಾಲೋಸ್ ಅನ್ನೋ ಗೋಡೆ ಎದ್ದು ಬೇರೆ ಬೇರೆ ಆಗ್ಬಿಡ್ತವೆ. ಪ್ರಾಣಿಗಳಲ್ಲಿ ಪೂರ್ತಿ ಉಲ್ಟಾ, ಒಟ್ಟಿಗೆ ಹುಟ್ಟಿದ ಕೋಶಗಳು ಬಹುತೇಕ ಕೊನೆವರೆಗೂ ಸಣ್ಣ ಸೇತುವೆಗಳಿಂದ ಅಂಟ್ಕೊಂಡೇ ಇರ್ತವೆ.

ಮುಖ್ಯವಾದ ಮಾತು ಏನಂದ್ರೆ ಈ ನಾಲ್ಕರಲ್ಲಿ ಒಂದೂ ವೀರ್ಯಾಣು ಅಲ್ಲ, ಇವೆಲ್ಲ ಬೇರೆ ಕೋಶದ ಜೊತೆ ಸೇರದೇ ತಾವೇ ವಿಭಜನೆ ಆಗಿ ಬೆಳೆಯೋ ಕೋಶಗಳು, ಅಂದ್ರೆ ಸ್ಪೋರ್‌ಗಳು. ಪ್ರತಿಯೊಂದೂ ಮತ್ತೆ ಮೈಟಾಸಿಸ್ ಆಗಿ ಒಂದು ದೊಡ್ಡ ಕೋಶ, ಅದರ ಹೊಟ್ಟೆಯೊಳಗೇ ತೇಲೋ ಒಂದು ಚಿಕ್ಕ ಕೋಶ ಆಗತ್ತೆ. ಕೋಶದೊಳಗೆ ಕೋಶ! ದೊಡ್ಡದು ಪರಾಗನಾಳ ಬೆಳೆಸತ್ತೆ, ಚಿಕ್ಕದು ಇನ್ನೊಂದು ಸಲ ಮೈಟಾಸಿಸ್ ಆದಾಗಲೇ ಎರಡು ವೀರ್ಯಕೋಶ ಬರೋದು. ಗೋಧಿ, ಜೋಳದಲ್ಲಿ ಇದು ಪರಾಗ ಉದುರೋ ಮುಂಚೇನೇ ಆಗಿರತ್ತೆ, ಲಿಲ್ಲಿ, ತಂಬಾಕಿನಲ್ಲಿ ಪರಾಗ ಹೋಗಿ ಕೂತು ನಾಳ ಬೆಳೀತಾ ಇರೋವಾಗ. ಅಂದ್ರೆ ಒಂದು ಮಿಯಾಸಿಸ್‌ಗೆ ಪ್ರಾಣೀಲಿ ನಾಲ್ಕು ವೀರ್ಯಾಣು, ಹೂವಲ್ಲಿ ಎಂಟು ವೀರ್ಯಕೋಶ. ಪರಾಗದ ಕಣ ಅಂದ್ರೆ ಎರಡು ಮೂರು ಕೋಶದ ಪುಟಾಣಿ ಗಂಡು ಗಿಡ ಅಂತ್ಲೇ ಲೆಕ್ಕ.

ಎರಡು ಯಾಕೆ ಅಂದ್ರೆ ಒಂದು ಅಂಡದ ಜೊತೆ ಸೇರಿ ಭ್ರೂಣ ಆಗತ್ತೆ, ಇನ್ನೊಂದು ಭ್ರೂಣಕ್ಕೆ ಆಹಾರ ಆಗೋ ಎಂಡೋಸ್ಪರ್ಮ್ ಕಟ್ಟತ್ತೆ, ಇದನ್ನ 1898ರಲ್ಲಿ ರಷ್ಯಾದ ಸಸ್ಯವಿಜ್ಞಾನಿ ನವಾಶಿನ್ ತೋರಿಸಿದ್ದು. ನಾಳ ಅಂಡದ ತನಕ ಕರ್ಕೊಂಡು ಹೋಗೋದ್ರಿಂದ ಈ ವೀರ್ಯಕೋಶಗಳಿಗೆ ಬಾಲಾನೇ ಇಲ್ಲ. ಆದ್ರೆ ಹೂ ಬಿಡದ ಗಿಂಕೋ ಮರದಲ್ಲಿ ಪರಾಗನಾಳವೂ ಇದೆ, ಈಜೋ ವೀರ್ಯಾಣುವೂ ಇದೆ, 1896ರಲ್ಲಿ ಜಪಾನಿನ ಹಿರಾಸೆ ಅದನ್ನ ಕಂಡುಹಿಡಿದ್ರು.