ಮಂಡಿಯ ಲೆಕ್ಕ, ಪುಸ್ತಕದ ಲೆಕ್ಕ

ಇಂದು ಬೆಳಿಗ್ಗೆ ಸೋದರಮಾವನ ಜೊತೆ ಕೋಲಾರದ ಎಪಿಎಂಸಿಗೆ ಟೊಮೆಟೊ ಹಾಕಲು ಹೋಗಿದ್ದೆ. 15 ಕೆಜಿಯ ಬಾಕ್ಸಿಗೆ 340 ರೂಪಾಯಿಯಂತೆ 86 ಬಾಕ್ಸ್ ಹರಾಜಾಯಿತು. ನಾನು ಮೊಬೈಲ್ ತೆಗೆಯುವಷ್ಟರಲ್ಲಿ ಮಾವ 29,240 ಎಂದು ಹೇಳಿ, ಗಾಡಿ ಬಾಡಿಗೆ, ಕೂಲಿ ಎಲ್ಲವನ್ನೂ ಕಳೆದು ಕೈಗೆ ಬರುವ ಮೊತ್ತವನ್ನೂ ಬಾಯಲ್ಲೇ ತಿಳಿಸಿದರು. ಸಂಜೆ ಮಗಳ ಗಣಿತ ಪುಸ್ತಕದಲ್ಲಿದ್ದ ಅದೇ ಬಗೆಯ ಗುಣಾಕಾರವನ್ನು ಮುಂದಿಟ್ಟಾಗ, ಕನ್ನಡಕ ಸರಿಪಡಿಸಿಕೊಂಡು ಒಂದು ಗಳಿಗೆ ನೋಡಿ, “ಇವೆಲ್ಲಾ ನಮ್ಗೆ ಹತ್ತಲ್ಲಪ್ಪ” ಎಂದು ಪುಸ್ತಕ ಮಡಚಿದರು.

ಬ್ರೆಜಿಲ್‌ನ ರೆಸಿಫೆ ನಗರದಲ್ಲಿ ಬೀದಿ ವ್ಯಾಪಾರ ಮಾಡುವ ಐವರು ಮಕ್ಕಳ ಮೇಲೆ ನಡೆದು 1985ರಲ್ಲಿ ಪ್ರಕಟವಾದ ಅಧ್ಯಯನವೊಂದು ನೆನಪಾಯಿತು. ವ್ಯಾಪಾರದ ನಡುವೆ ಕೇಳಿದ ಲೆಕ್ಕಗಳಿಗೆ ಆ ಮಕ್ಕಳು ನೂರಕ್ಕೆ 98ರಷ್ಟು ಸರಿಯುತ್ತರ ಕೊಟ್ಟಿದ್ದರು; ಅವೇ ಸಂಖ್ಯೆಗಳನ್ನು ಬರಿಯ ಅಂಕಗಣಿತವಾಗಿ ಕಾಗದದ ಮೇಲಿಟ್ಟಾಗ ಅದು 37ಕ್ಕೆ ಇಳಿದಿತ್ತು. ಒಂದು ವಿಷಯದಲ್ಲಿ ಮುಂದಿರುವವರು ಉಳಿದವುಗಳಲ್ಲೂ ಸಾಮಾನ್ಯವಾಗಿ ಮುಂದಿರುವುದನ್ನು ಕಂಡ ಬ್ರಿಟಿಷ್ ಮನಶ್ಶಾಸ್ತ್ರಜ್ಞ ಸ್ಪಿಯರ್‌ಮನ್, ಎಲ್ಲದರ ಹಿಂದೆ ಒಂದೇ ಸಾಮಾನ್ಯ ಬುದ್ಧಿಶಕ್ತಿಯಿದೆ ಎಂದು 1904ರಲ್ಲೇ ವಾದಿಸಿದ್ದರು. ಆದರೆ ಅವರು ಅಳೆದದ್ದು ಬಹುಮಟ್ಟಿಗೆ ಶಾಲೆಯ ಮಕ್ಕಳನ್ನು. ಮಂಡಿಯಲ್ಲಿ ಅಳೆದಿದ್ದರೆ ಮಾವನ ಸ್ಥಾನ ಎಲ್ಲಿರುತ್ತಿತ್ತೋ!

ಹಾಗೆಂದು ಬುದ್ಧಿ ಕಸುಬಿಗಷ್ಟೇ ಅಂಟಿಕೊಂಡಿದೆ ಎನ್ನಲೂ ನನಗೆ ಧೈರ್ಯ ಸಾಲದು. ಇದೇ ಮಾವ ಇಪ್ಪತ್ತು ವರ್ಷ ರೇಷ್ಮೆ ಹುಳು ಸಾಕಿದವರು; ಟೊಮೆಟೊಗೆ ಬಂದ ಎರಡನೇ ಬೆಳೆಗೇ ಹನಿ ನೀರಾವರಿ, ಎಲೆಸುರುಳಿ ರೋಗ, ಹರಾಜಿನ ಏರಿಳಿತ ಎಲ್ಲವನ್ನೂ ಅರಿತುಕೊಂಡಿದ್ದರು. ಮಗಳು ಈಗ ಅದೇ ಲೆಕ್ಕವನ್ನು ಬಾಕ್ಸುಗಳಾಗಿ ಬದಲಾಯಿಸಿ ತಾತನಿಗೆ ಕೇಳುತ್ತಿದ್ದಾಳೆ, ಒಂದೂ ತಪ್ಪುತ್ತಿಲ್ಲ.